ಸಣ್ಣ ಜಾಯಿಂಟರ್ ಕೊಳ್ಳಬೇಕೇ, ಬೇರೆ ದಾರಿ ಸಾಕೇ?

ಹವ್ಯಾಸಕ್ಕೆಂದು ಮರಗೆಲಸ ಹಿಡಿದವರೆಲ್ಲ ಸ್ವಲ್ಪ ಕಾಲದ ಮೇಲೆ ಒಂದೇ ಕಡೆ ಬಂದು ನಿಲ್ಲುತ್ತಾರೆ. ಗರಗಸ, ಡ್ರಿಲ್, ಕ್ಲಾಂಪು ಎಲ್ಲ ಕೂಡಿವೆ. ಆದರೂ ಎರಡು ಹಲಗೆಗಳ ಅಂಚಿಗೆ ಅಂಚು ಇಟ್ಟರೆ ನಡುವೆ ಬೆಳಕು ಕಾಣುತ್ತದೆ, ಚೌಕಟ್ಟು ಜೋಡಿಸಿದರೆ ಒಂದು ಮೂಲೆ ಎದ್ದು ಕೂರುತ್ತದೆ. ಎಷ್ಟು ಬಿಗಿದರೂ ಆ ಮೂಲೆ ತಗ್ಗುವುದಿಲ್ಲ, ಏಕೆಂದರೆ ಡೊಂಕು ಇರುವುದು ಮರದಲ್ಲೇ. ಆಗ ಕಣ್ಣು ಹೋಗುವುದು ಬೆಂಚಿನ ಮೇಲೆ ಕೂರಿಸುವ ಅಗ್ಗದ 6 ಇಂಚಿನ ಜಾಯಿಂಟರ್, ಅಂದರೆ ಹಲಗೆಯ ಮುಖ ಮತ್ತು ಅಂಚನ್ನು ಕೀಸಿ ನೇರ ಮಾಡುವ ಯಂತ್ರದ ಕಡೆಗೆ. ಅದರ ಜೊತೆಗೇ ಉದ್ದನೆಯ ಉಜ್ಜುಗೊರಡು, ಹಲಗೆಯನ್ನು ಒಂದೇ ದಪ್ಪಕ್ಕೆ ತರುವ ಥಿಕ್‌ನೆಸ್ ಪ್ಲೇನರ್, ತಿರುಗುವ ಬಿಟ್ಟಿನಿಂದ ಮರ ಕೀಸುವ ರೌಟರ್, ಯಾರೋ ಮಾರುತ್ತಿರುವ ಹಳೆಯ ಬೀಡುಕಬ್ಬಿಣದ ಯಂತ್ರ, ಇವೂ ಸಾಲಾಗಿ ಬಂದು ನಿಂತು ತಲೆ ಕೆಡಿಸುತ್ತವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಜಾಯಿಂಟರ್ ಕೆಟ್ಟ ಯಂತ್ರವಲ್ಲ, ಆದರೆ ಹೆಚ್ಚಿನವರು ಮೊದಲು ಕೊಳ್ಳಬೇಕಾದ ಯಂತ್ರವೂ ಅದಲ್ಲ. ಮೋಟಾರಿನ ಶಕ್ತಿ, ಬ್ಲೇಡುಗಳ ಸಂಖ್ಯೆ ನೋಡುವುದಕ್ಕೆ ಮುಂಚೆ ನೀವು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವ ಹಲಗೆ ಎಷ್ಟು ಉದ್ದ, ಎಷ್ಟು ಅಗಲ ಎಂದು ಅಳೆದುಕೊಳ್ಳಿ. ಮುಕ್ಕಾಲು ಪಾಲು ತೀರ್ಮಾನ ಅಲ್ಲೇ ಆಗುತ್ತದೆ.

ಯಾವ ಕೆಲಸಕ್ಕೆ ಯಾವುದು

ಒರಟು ಹಲಗೆಯನ್ನು ಹದಕ್ಕೆ ತರುವುದೆಂದರೆ ನಾಲ್ಕು ಕೆಲಸ. ಒಂದು ಮುಖವನ್ನು ಸಮತಟ್ಟು ಮಾಡಬೇಕು. ಆ ಮುಖವನ್ನು ಆಧಾರವಾಗಿಟ್ಟುಕೊಂಡು ಒಂದು ಅಂಚನ್ನು ನೇರವಾಗಿ, 90 ಡಿಗ್ರಿಗೆ ತರಬೇಕು. ಎದುರಿನ ಮುಖವನ್ನು ಮೊದಲ ಮುಖಕ್ಕೆ ಸಮಾನಾಂತರ ಮಾಡಬೇಕು. ಕೊನೆಗೆ ಎದುರಿನ ಅಂಚನ್ನು ಸೀಳಬೇಕು. ಜಾಯಿಂಟರ್ ಮಾಡುವುದು ಮೊದಲಿನ ಎರಡನ್ನು ಮಾತ್ರ. ಎದುರುಬದುರಿನ ಎರಡೂ ಮುಖಗಳನ್ನು ಜಾಯಿಂಟರ್ ಮೇಲೇ ಉಜ್ಜಿದರೆ ಎರಡೂ ಸಮತಟ್ಟಾಗುತ್ತವೆ, ಆದರೆ ದಪ್ಪ ಒಂದು ಕಡೆ 20 ಮಿ.ಮೀ., ಇನ್ನೊಂದು ಕಡೆ 17 ಎಂಬಂತೆ ಬೆಣೆಯಾಕಾರ ಬಂದರೆ ಅದನ್ನು ತಿದ್ದುವ ಶಕ್ತಿ ಈ ಯಂತ್ರಕ್ಕಿಲ್ಲ.

ಥಿಕ್‌ನೆಸ್ ಪ್ಲೇನರ್‌ನ ಕೊರತೆ ಇದಕ್ಕೆ ತದ್ವಿರುದ್ಧ. ಅದು ದಪ್ಪವನ್ನು ಸಮ ಮಾಡುತ್ತದೆ, ಬಾಗನ್ನು ತೆಗೆಯುವುದಿಲ್ಲ. ಅದರ ರೋಲರುಗಳು ತೆಳು ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿ ಒಳಗೆ ಎಳೆದುಕೊಳ್ಳುತ್ತವೆ. ಆಚೆ ಬಂದ ಕೂಡಲೇ ಹಲಗೆ ಮತ್ತೆ ತನ್ನ ಬಾಗಿಗೆ ಮರಳುತ್ತದೆ, ಈಗ ನುಣುಪಾಗಿ ಬಾಗಿರುತ್ತದೆ ಅಷ್ಟೆ.

ಹಾಗಾಗಿ ಯಾವ ಆಯ್ಕೆಯನ್ನು ತೂಗುವಾಗಲೂ ಮೊದಲು ಕೇಳಿಕೊಳ್ಳಬೇಕಾದ್ದು: ನಿಮಗೆ ತೊಂದರೆ ಕೊಡುತ್ತಿರುವುದು ಮುಖವೋ, ಅಂಚೋ? ಈಗಾಗಲೇ ಉಜ್ಜಿ ಹದಮಾಡಿದ ಹಲಗೆ ತರುವವರಿಗೆ ಬೇಕಿರುವುದು ಅಂಚು ಮಾತ್ರ. ಸಾಮಿಲ್‌ನಿಂದ ನೇರವಾಗಿ ಒರಟು ಮರ ತರುವವರಿಗೆ ಎರಡೂ ಬೇಕು. ಆಮೇಲೆ ಹಲಗೆಯ ಉದ್ದ, ಅಗಲ. ಆಮೇಲೆ ಜಾಗ ಮತ್ತು ಸದ್ದು. ಅದಾದ ಮೇಲೆ ಒಂದು ಸಲಕ್ಕೆ ಎಷ್ಟು ಮರ ಹದ ಮಾಡುತ್ತೀರಿ ಎನ್ನುವುದು: ನಾಲ್ಕು ಹಲಗೆಗೆ ಒಗ್ಗುವ ವಿಧಾನ ನಲವತ್ತಕ್ಕೆ ಒಗ್ಗುವುದಿಲ್ಲ. ಹಣದ ಲೆಕ್ಕದಲ್ಲಿ ಯಂತ್ರದ ಬೆಲೆಯ ಜೊತೆ ಬ್ಲೇಡು, ಹೊಟ್ಟು ಎಳೆಯುವ ವ್ಯವಸ್ಥೆ, ಕಿವಿರಕ್ಷೆ, ಹಲಗೆಯನ್ನು ಒತ್ತಿ ತಳ್ಳುವ ಹಿಡಿ (ಪುಶ್ ಬ್ಲಾಕ್) ಎಲ್ಲ ಸೇರಬೇಕು.

ಸಣ್ಣ ಜಾಯಿಂಟರ್: ಉದ್ದದ ಲೆಕ್ಕ

ಬೆಂಚಿನ ಮೇಲಿಡುವ ಜಾಯಿಂಟರ್‌ಗಳು ಸಾಮಾನ್ಯವಾಗಿ 6 ಅಥವಾ 8 ಇಂಚು ಅಗಲದವು, ಅಂದರೆ 150 ಅಥವಾ 200 ಮಿ.ಮೀ. ಎರಡೂ ಟೇಬಲ್ ಸೇರಿ ಉದ್ದ ಸುಮಾರು 750 ಮಿ.ಮೀ. ಒಳಹೋಗುವ ಕಡೆಯ ಟೇಬಲ್ ತಗ್ಗಿನಲ್ಲಿರುತ್ತದೆ. ಆ ತಗ್ಗೇ ಪ್ರತಿ ಸಲ ಕೀಸುವ ಆಳ. ಹೊರಬರುವ ಕಡೆಯ ಟೇಬಲ್ ಬ್ಲೇಡಿನ ತುದಿಯ ಮಟ್ಟಕ್ಕೇ ಇರುತ್ತದೆ. ಹಲಗೆ ನೇರವಾಗುವುದು ಬ್ಲೇಡಿನಿಂದ ಎಂದು ತೋರಬಹುದು. ನಿಜವಾಗಿ ನೇರ ಮಾಡುವುದು ಆ ಟೇಬಲ್‌ಗಳು. ಟೇಬಲ್ ಎಷ್ಟು ಉದ್ದವೋ ಅಷ್ಟು ದೂರದ ಬಾಗನ್ನು ಮಾತ್ರ ಯಂತ್ರ ಗುರುತಿಸಬಲ್ಲದು.

ಇದನ್ನು ಅಂಕಿಯಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. 1500 ಮಿ.ಮೀ. ಉದ್ದದ ಹಲಗೆ ಒಂದೇ ಸಮನಾದ ಕಮಾನಿನಂತೆ ನಡುವೆ 6 ಮಿ.ಮೀ. ಬಾಗಿದೆ ಎಂದುಕೊಳ್ಳಿ. ಬಾಗು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಉದ್ದ ಅರ್ಧವಾದರೆ ಬಾಗು ಕಾಲುಭಾಗ. ಅಂದರೆ 750 ಮಿ.ಮೀ. ಉದ್ದದಲ್ಲಿ ಆ ಬಾಗು 1.5 ಮಿ.ಮೀ. ಮಾತ್ರ, ಒಂದೇ ಟೇಬಲಿನ 375 ಮಿ.ಮೀ.ನಲ್ಲಿ 0.4 ಮಿ.ಮೀ. ಕೂಡ ಇಲ್ಲ. ಅಷ್ಟು ಸಣ್ಣ ಬಾಗಿರುವ ಹಲಗೆ ಪುಟ್ಟ ಟೇಬಲ್ ಮೇಲೆ ನೇರವಾಗಿರುವಂತೆಯೇ ಜಾರುತ್ತದೆ. ಬ್ಲೇಡು ಬಾಗಿನ ಜೊತೆಯಲ್ಲೇ ಸಾಗುತ್ತದೆ. ಹತ್ತು ಸಲ ತಳ್ಳಿದರೂ ಹಲಗೆ ತೆಳುವಾಗುತ್ತದೆಯೇ ಹೊರತು ನೇರವಾಗುವುದಿಲ್ಲ. ಟೇಬಲ್‌ಗಳ ಒಟ್ಟು ಉದ್ದದ ಒಂದೂವರೆಯಿಂದ ಎರಡು ಪಟ್ಟು ಉದ್ದದ ಹಲಗೆಯವರೆಗೆ ಜಾಯಿಂಟರ್ ನಂಬಬಹುದು ಎಂಬ ಮರಗೆಲಸದವರ ರೂಢಿಯ ಲೆಕ್ಕಕ್ಕೆ ಕಾರಣ ಇದೇ. ಸಣ್ಣ ಯಂತ್ರಕ್ಕೆ ಇದು ಸುಮಾರು 1100ರಿಂದ 1500 ಮಿ.ಮೀ. ಆಗುತ್ತದೆ. ಎರಡರಲ್ಲಿ ಕಡಿಮೆಯ ಅಂಕಿಯನ್ನೇ ನಂಬಿ ಎನ್ನುತ್ತೇನೆ.

ಇದೇ ಲೆಕ್ಕ ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಉದ್ದ ಹಲಗೆಯನ್ನು ಮೊದಲೇ ಬೇಕಾದ ಅಳತೆಗೆ, 30-40 ಮಿ.ಮೀ. ಹೆಚ್ಚಿಗೆ ಬಿಟ್ಟು, ತುಂಡು ಮಾಡಿಕೊಂಡರೆ ಪ್ರತಿ ತುಂಡಿನ ಬಾಗು ತಾನಾಗೇ ಕುಗ್ಗುತ್ತದೆ. 6 ಮಿ.ಮೀ. ಬಾಗಿದ್ದ ಹಲಗೆ ಎರಡು ತುಂಡಾದಾಗ ಪ್ರತಿಯೊಂದರಲ್ಲೂ ತೆಗೆಯಬೇಕಾದ್ದು 1.5 ಮಿ.ಮೀ. ಮಾತ್ರ. ಪೆಟ್ಟಿಗೆ, ಡ್ರಾಯರ್, ಸ್ಟೂಲು, ಪಟದ ಚೌಕಟ್ಟು, ಸಣ್ಣ ಕಪಾಟಿನ ಬಾಗಿಲು ಮಾಡುವವರಿಗೆ 600-700 ಮಿ.ಮೀ. ಮೀರಿದ ತುಂಡು ಅಪರೂಪ. ಅಂಥವರಿಗೆ ಸಣ್ಣ ಜಾಯಿಂಟರ್ ದೊಡ್ಡದರಷ್ಟೇ ಚೆನ್ನಾಗಿ ದುಡಿಯುತ್ತದೆ. ಊಟದ ಮೇಜು, ಮಂಚ, ಉದ್ದ ಬೆಂಚು ಮಾಡುವವರಿಗೆ ಅದು ದಿನವೂ ಕಿರಿಕಿರಿ.

ಎಳೆದು ಉದ್ದ ಮಾಡುವ ಆಸರೆ ಕಂಬಿಗಳು ಕೆಲವು ಯಂತ್ರಗಳಲ್ಲಿರುತ್ತವೆ. ಹಲಗೆ ಕೆಳಗೆ ಬೀಳದಂತೆ ಅವು ತಡೆಯುತ್ತವೆ, ಸಮತಟ್ಟಿನ ಆಧಾರ ಕೊಡುವುದಿಲ್ಲ. ರೋಲರ್ ಸ್ಟ್ಯಾಂಡ್ ಕೂಡ ಹಾಗೆಯೇ. ಕೂದಲೆಳೆಯಷ್ಟು ಎತ್ತರವಾದರೂ ಅದು ಹಲಗೆಯನ್ನು ಟೇಬಲಿನಿಂದ ಮೇಲಕ್ಕೆತ್ತಿ ಕೆಲಸ ಕೆಡಿಸುತ್ತದೆ.

ಈ ಯಂತ್ರದ ಉಳಿದ ಗುಣದೋಷ

ನುಣುಪಿನಲ್ಲಿ ಸಣ್ಣ ಯಂತ್ರ ಹಿಂದೆ ಬೀಳುವುದಿಲ್ಲ. ಇವುಗಳ ಯೂನಿವರ್ಸಲ್ ಮೋಟಾರು ಬ್ಲೇಡಿನ ಉರುಳೆಯನ್ನು ನಿಮಿಷಕ್ಕೆ 10,000 ಸುತ್ತಿನ ಆಸುಪಾಸಿನಲ್ಲಿ ತಿರುಗಿಸುತ್ತದೆ. ನೆಲದ ಮೇಲೆ ನಿಲ್ಲುವ ದೊಡ್ಡ ಯಂತ್ರಗಳದು ಅದರ ಅರ್ಧದಷ್ಟು ವೇಗ, ಆದರೆ ಬ್ಲೇಡು ಮೂರಾದರೂ ಇರುತ್ತವೆ. ಎರಡು ಬ್ಲೇಡಿನ ಸಣ್ಣ ಯಂತ್ರದಲ್ಲಿ ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಹಲಗೆ ತಳ್ಳಿದರೆ ಒಂದು ಕೀಸಿನಿಂದ ಇನ್ನೊಂದಕ್ಕೆ ಅಂತರ 0.15 ಮಿ.ಮೀ. ಮರಳು ಕಾಗದದ ಎರಡು ಎಳೆತಕ್ಕೆ ಅಳಿಸಿಹೋಗುವಷ್ಟು. ಇದಕ್ಕೆ ತೆರುವ ಬೆಲೆ ಸದ್ದು. ಕಿವಿರಕ್ಷೆ ಇಲ್ಲದೆ ಈ ಮೋಟಾರಿನ ಹತ್ತಿರ ನಿಲ್ಲಬಾರದು, ಗೋಡೆಯಾಚೆ ಮನೆಯಿದ್ದರೆ ರಾತ್ರಿಯ ಕೆಲಸದ ಆಸೆ ಬಿಡಬೇಕು.

ಬ್ಲೇಡಿನ ವಿಷಯದಲ್ಲಿ ಎರಡು ಬಗೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಕ್ಕಿನ ನೇರ ಬ್ಲೇಡು ಹೊಸದಾಗಿದ್ದಾಗ ತುಂಬ ನುಣುಪು, ಆದರೆ ಬೇಗ ಮೊಂಡಾಗುತ್ತದೆ. ಪ್ಲೈವುಡ್, ಎಂಡಿಎಫ್ ಹಾಕಿದರಂತೂ ಅವುಗಳಲ್ಲಿನ ಅಂಟು ಬ್ಲೇಡಿನ ಮೊನೆಯನ್ನು ತಿಂದುಬಿಡುತ್ತದೆ. ಒಂದು ಮೊಳೆ ತಾಗಿದರೆ ಬ್ಲೇಡು ಮುಕ್ಕಾಗಿ, ಆಮೇಲೆ ಉಜ್ಜಿದ ಪ್ರತಿ ಹಲಗೆಯ ಮೇಲೂ ಒಂದು ಸಣ್ಣ ದಿಂಡು ಮೂಡುತ್ತದೆ. ಒಂದು ಬ್ಲೇಡನ್ನು ಒಂದು ಮಿ.ಮೀ. ಪಕ್ಕಕ್ಕೆ ಸರಿಸಿದರೆ ಅದು ಮಾಯ. ಸ್ಪೈರಲ್ ಉರುಳೆಯಲ್ಲಿ ಚೌಕದ ಸಣ್ಣ ಕಾರ್ಬೈಡ್ ಚೂರುಗಳು ಸಾಲಾಗಿ ಕೂತಿರುತ್ತವೆ. ಒಂದು ಬದಿ ಮೊಂಡಾದರೆ ತಿರುಗಿಸಿ, ನಾಲ್ಕು ಬದಿಯೂ ಬಳಸಬಹುದು. ಸದ್ದೂ ಕಡಿಮೆ. ಬಜೆಟ್ ಯಂತ್ರಗಳಲ್ಲಿ ಚೂರುಗಳ ಸಾಲು ಸುರುಳಿಯಾಗಿದ್ದರೂ ಪ್ರತಿ ಚೂರು ಮರವನ್ನು ನೇರವಾಗಿಯೇ ಹೊಡೆಯುವುದುಂಟು. ಓರೆಯಾಗಿ ಕೊಯ್ಯುವ ಹೆಲಿಕಲ್ ಉರುಳೆಯ ಗುಣವನ್ನು ಅದರಿಂದ ನಿರೀಕ್ಷಿಸಬೇಡಿ. ಆದರೂ ಬ್ಲೇಡಿನ ಎತ್ತರ ಹೊಂದಿಸುವ ಗೋಳು ತಪ್ಪುತ್ತದೆ ಎಂಬ ಒಂದೇ ಕಾರಣಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಕಾರ್ಬೈಡಿನದೇ ತೆಗೆದುಕೊಳ್ಳಿ ಎನ್ನುವ ಪಕ್ಷ ನನ್ನದು.

ಈ ವರ್ಗದ ಯಂತ್ರದ ದುರ್ಬಲ ಅಂಗ ಫೆನ್ಸ್, ಅಂದರೆ ಹಲಗೆಯನ್ನು ಒರಗಿಸಿ ತಳ್ಳುವ ನೆಟ್ಟಗಿನ ಪಟ್ಟಿ. ಅಲ್ಯೂಮಿನಿಯಂ ಫೆನ್ಸ್ ಮೇಲ್ತುದಿಗೆ ಒತ್ತಿದರೆ ಬಾಗುತ್ತದೆ, 90 ಡಿಗ್ರಿ ಕೈತಪ್ಪುತ್ತದೆ. ಹಲಗೆಯನ್ನು ಫೆನ್ಸಿನ ಬುಡಕ್ಕೆ ಒತ್ತಿ ಹಿಡಿಯಿರಿ, ಪ್ರತಿ ಸಲ ಶುರು ಮಾಡುವ ಮುಂಚೆ ಮೂಲೆಮಟ್ಟ ಇಟ್ಟು ನೋಡಿ. ಅಂಟಿಸುವ ಅಂಚುಗಳಿಗೆ ಇನ್ನೊಂದು ಉಪಾಯವಿದೆ. ಜೋಡಿಯಾಗುವ ಎರಡು ಹಲಗೆಗಳಲ್ಲಿ ಒಂದರ ಮೇಲ್ಮುಖವನ್ನು ಫೆನ್ಸಿಗೆ ಒರಗಿಸಿ, ಇನ್ನೊಂದರ ಕೆಳಮುಖವನ್ನು ಒರಗಿಸಿ. ಫೆನ್ಸ್ ಅರ್ಧ ಡಿಗ್ರಿ ತಪ್ಪಿದ್ದರೂ ಒಂದು ಅಂಚು ಅತ್ತ, ಇನ್ನೊಂದು ಇತ್ತ ವಾಲಿ ಎರಡೂ ಸೇರಿ ಸಮತಟ್ಟಾಗುತ್ತವೆ.

ಅಗಲದ ಮಿತಿ ಉದ್ದದ ಮಿತಿಗಿಂತ ಗಟ್ಟಿ. 150 ಮಿ.ಮೀ. ಯಂತ್ರದ ಮೇಲೆ 200 ಮಿ.ಮೀ. ಹಲಗೆಯ ಮುಖ ಉಜ್ಜಲು ಕೆಲವರು ಬ್ಲೇಡಿನ ಕಾವಲು ತೆಗೆದು, ಪಕ್ಕದ ಭಾಗವನ್ನು ಹೊರಗೆ ಬಿಟ್ಟು ತಳ್ಳುವುದುಂಟು. ಆ ಸಾಹಸ ಬೇಡ. ಜಾಯಿಂಟರ್ ಬೆರಳನ್ನು ಕತ್ತರಿಸುವುದಿಲ್ಲ, ಹೊಟ್ಟು ಮಾಡುತ್ತದೆ. ಮತ್ತೆ ಹೊಲಿದು ಕೂಡಿಸಲು ಏನೂ ಉಳಿಯುವುದಿಲ್ಲ. ಕಾವಲು ಸದಾ ಇರಲಿ, ಮುಖ ಉಜ್ಜುವಾಗ ಎರಡೂ ಕೈಯಲ್ಲಿ ಪುಶ್ ಬ್ಲಾಕ್ ಇರಲಿ, 300 ಮಿ.ಮೀ.ಗಿಂತ ಗಿಡ್ಡ ಅಥವಾ 12 ಮಿ.ಮೀ.ಗಿಂತ ತೆಳು ತುಂಡು ಅದರ ಹತ್ತಿರ ಸುಳಿಯದಿರಲಿ. ಕೈಗವಸು ಬೇಡ, ತಿರುಗುವ ಉರುಳೆ ಬಟ್ಟೆಯ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ 3 ಮಿ.ಮೀ. ಆಳ ಎಂದು ಬರೆದಿದ್ದರೂ ಅರ್ಧದಿಂದ ಒಂದು ಮಿ.ಮೀ. ಒಳಗೆ ಇದ್ದರೆ ಯಂತ್ರಕ್ಕೂ ಸುಖ, ನಿಮಗೂ ಸುಖ.

ಉಜ್ಜುಗೊರಡು: ಅಗ್ಗವಲ್ಲ, ಆದರೆ ಅಗಲಕ್ಕೆ ಹೆದರದು

ಕೈಯ ಉಜ್ಜುಗೊರಡನ್ನು ಬಡವರ ಜಾಯಿಂಟರ್ ಎಂದು ನೋಡುವುದು ತಪ್ಪು. ಸ್ಟ್ಯಾನ್ಲಿ ಕಂಪನಿಯ ನಂಬರಿನ ಲೆಕ್ಕದಲ್ಲಿ 5ನೇ ನಂಬರಿನದು ಸುಮಾರು 14 ಇಂಚು, 7ನೇ ನಂಬರಿನದು 22 ಇಂಚು ಉದ್ದ. 22 ಇಂಚೆಂದರೆ 560 ಮಿ.ಮೀ. ಸಣ್ಣ ಜಾಯಿಂಟರ್‌ನ ಒಂದೊಂದು ಟೇಬಲಿಗಿಂತ ಉದ್ದ. ಹಲಗೆ ಬೆಂಚಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಓಡಾಡುವುದು ಉಪಕರಣ. ಹಾಗಾಗಿ ಎರಡು ಮೀಟರ್ ಹಲಗೆಯನ್ನು ಪುಟ್ಟ ಯಂತ್ರದ ಮೇಲೆ ಸಮತೋಲ ಮಾಡುವ ಸರ್ಕಸ್ ಇಲ್ಲ. ಅಗಲಕ್ಕೂ ಮಿತಿಯಿಲ್ಲ. ಎರಡು ಹಲಗೆಗಳನ್ನು ಪುಸ್ತಕದಂತೆ ಮಡಿಚಿ ವೈಸಿನಲ್ಲಿ ಹಿಡಿದು ಎರಡರ ಅಂಚನ್ನೂ ಒಟ್ಟಿಗೆ ಉಜ್ಜಿದರೆ ಕೋನದ ತಪ್ಪು ಬಿಚ್ಚಿದಾಗ ತಾನೇ ಅಳಿಯುತ್ತದೆ.

ಇದು ಬೇಡುವುದು ಮೂರು: ಹರಿತ ಮಾಡುವ ಕಲೆ, ಅಲುಗದ ಬೆಂಚು, ಬೆವರು. ಮೊಂಡು ಉಜ್ಜುಗೊರಡಿನಿಂದ ಯಾರಿಗೂ ಮರ ನೇರವಾಗಿಲ್ಲ. ಸಾಣೆಕಲ್ಲು, ಕೋನ ಹಿಡಿಯುವ ಗೈಡ್ ಸೇರಿದರೆ ಒಳ್ಳೆಯ 7ನೇ ನಂಬರಿನ ಒಟ್ಟು ಖರ್ಚು ಸಣ್ಣ ಜಾಯಿಂಟರ್‌ಗೆ ಹತ್ತಿರ ಬಂದರೂ ಆಶ್ಚರ್ಯವಿಲ್ಲ. ಹಳೆಯದನ್ನು ಕೊಂಡು ತಳ ಉಜ್ಜಿ ರಿಪೇರಿ ಮಾಡಿಕೊಂಡರೆ ತುಂಬ ಕಡಿಮೆ. ಸದ್ದು ಇಲ್ಲ, ಗಾಳಿಯಲ್ಲಿ ಧೂಳಿಲ್ಲ, ಕಪಾಟಿನಲ್ಲಿ ಎತ್ತಿಡಬಹುದು. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗೆ ಬೇರೆ ಯೋಚನೆಯೇ ಬೇಡ.

ಗಟ್ಟಿಮರದ ಹತ್ತಿಪ್ಪತ್ತು ಹಲಗೆಗಳ ಎರಡೂ ಮುಖವನ್ನು ಕೈಯಲ್ಲಿ ಉಜ್ಜಲು ಹೊರಟರೆ ಮಾತ್ರ ಹವ್ಯಾಸ ಕೂಲಿಯಾಗುತ್ತದೆ. ಅದಕ್ಕೇ ಮುಂದಿನ ಆಯ್ಕೆ.

ಥಿಕ್‌ನೆಸ್ ಪ್ಲೇನರ್ ಜೊತೆ ಸ್ವಲ್ಪ ಕೈಕೆಲಸ

ಒಂದೇ ಯಂತ್ರಕ್ಕೆ ಹಣವಿದೆ, ಒರಟು ಮರ ಬಳಸುತ್ತೀರಿ ಎಂದಾದರೆ ನಾನು ಕೈ ತೋರಿಸುವುದು ಇದರತ್ತ. ಬೆಂಚಿನ ಮೇಲಿಡುವ ಪ್ಲೇನರ್‌ಗಳೇ 12-13 ಇಂಚು, ಅಂದರೆ 300-330 ಮಿ.ಮೀ. ಅಗಲ ನುಂಗುತ್ತವೆ. ಅಷ್ಟು ಅಗಲದ ಜಾಯಿಂಟರ್ ಬೇಕೆಂದರೆ ಅದು ಕಾರ್ಖಾನೆಯ ಯಂತ್ರವೇ ಆದೀತು. ಪ್ಲೇನರ್ ಮಾಡುವ ಕೆಲಸವನ್ನು, ಎಂದರೆ ಇಡೀ ಹಲಗೆಯನ್ನು ಒಂದೇ ದಪ್ಪಕ್ಕೆ ತರುವುದನ್ನು, ಬೇರೆ ವಿಧಾನದಲ್ಲಿ ಮಾಡುವುದು ಬಲು ಕಷ್ಟ. ಜಾಯಿಂಟರ್ ಮಾಡುವ ಕೆಲಸಕ್ಕೆ ಹತ್ತು ಬದಲಿ ದಾರಿಗಳಿವೆ. ಬದಲಿ ಇಲ್ಲದ್ದನ್ನು ಮೊದಲು ಕೊಳ್ಳುವುದು ಜಾಣತನ.

ಬಾಗನ್ನು ತೆಗೆಯಲು ಒಂದು ಸ್ಲೆಡ್ ಸಾಕು. ಬಾಗದ ದಪ್ಪ ಪ್ಲೈವುಡ್ ಅಥವಾ ಎಂಡಿಎಫ್ ಪಟ್ಟಿಯ ಮೇಲೆ ಒರಟು ಹಲಗೆ ಇಡಿ. ಕುಲುಕುವ ಮೂಲೆಗಳ ಕೆಳಗೆ ತೆಳು ಬೆಣೆ ತೂರಿಸಿ, ಅವು ಜಾರದಂತೆ ಬಿಸಿ ಅಂಟಿನ ಒಂದೊಂದು ಹನಿ ಹಾಕಿ, ಹಿಂದೆ ಸರಿಯದಂತೆ ತುದಿಗೆ ಒಂದು ತಡೆಪಟ್ಟಿ ಹೊಡೆದು ಸ್ಲೆಡ್ ಸಮೇತ ಪ್ಲೇನರ್‌ಗೆ ಕೊಡಿ. ರೋಲರ್ ಒತ್ತಿದರೂ ಕೆಳಗೆ ಬೆಣೆ ಇರುವುದರಿಂದ ಹಲಗೆ ಬಗ್ಗುವುದಿಲ್ಲ. ಮೇಲ್ಮುಖ ಸಮತಟ್ಟಾದ ಮೇಲೆ ಸ್ಲೆಡ್ ತೆಗೆದು ಹಲಗೆ ಮಗುಚಿ ಮಾಮೂಲಿನಂತೆ ಹಾಯಿಸಿ. ತಿರುಚಿದ ಹಲಗೆಗೆ ಜಾಯಿಂಟರ್‌ಗಿಂತ ಇದೇ ವಾಸಿ. ಜಾಯಿಂಟರ್ ಮೇಲೆ ತಿರುಚಿದ ಹಲಗೆಯನ್ನು ಎರಡು ಮೂಲೆಗಳ ಮೇಲೆ ಸಮತೋಲ ಮಾಡುತ್ತ ತಳ್ಳುವಾಗ ಕೈ ಸ್ವಲ್ಪ ವಾಲಿದರೂ ತಿರುಚು ಹಾಗೇ ಉಳಿಯುತ್ತದೆ.

ತೊಡಕು ಹೊತ್ತಿನದು. ಪ್ರತಿ ಹಲಗೆಗೂ ಬೆಣೆ, ಅಂಟು ಎಂದು ಹೋದರೆ ಕೆಲಸ ನಿಧಾನ. ಸ್ಲೆಡ್ ಉದ್ದವಾದಷ್ಟೂ ಭಾರ, ಅದನ್ನು ಎತ್ತಿಡಲು ಜಾಗವೂ ಬೇಕು. ಇದಕ್ಕೆ ನಾನು ಮೆಚ್ಚುವ ಒಳದಾರಿ ಉಜ್ಜುಗೊರಡಿನದು. ಹಲಗೆಯ ಎರಡೂ ತುದಿಯಲ್ಲಿ ಒಂದೊಂದು ನೇರಪಟ್ಟಿ ಅಡ್ಡ ಇಟ್ಟು ಕಣ್ಣಿಟ್ಟು ನೋಡಿದರೆ ಯಾವ ಮೂಲೆ ಎದ್ದಿದೆ ಎಂದು ತಿಳಿಯುತ್ತದೆ. ಆ ಉಬ್ಬುಗಳನ್ನಷ್ಟೇ 5ನೇ ನಂಬರಿನಿಂದ ಕೀಸಿ, ಹಲಗೆ ಬೆಂಚಿನ ಮೇಲೆ ಕುಲುಕದಂತೆ ಕೂತರೆ ಸಾಕು. ಮುಖ ಪೂರ್ತಿ ನುಣುಪಾಗಬೇಕಿಲ್ಲ, ಹಳ್ಳಗಳು ಉಳಿದಿದ್ದರೂ ಪರವಾಗಿಲ್ಲ. ಆ ಮುಖ ಕೆಳಗೆ ಮಾಡಿ ಪ್ಲೇನರ್‌ಗೆ ಕೊಟ್ಟರೆ ಮೇಲಿನದು ಸಮತಟ್ಟಾಗುತ್ತದೆ, ಮಗುಚಿದರೆ ಒರಟು ಮುಖವೂ ಹದಕ್ಕೆ ಬರುತ್ತದೆ. ಕೈಯ ಪಾಲಿಗೆ ಬರುವುದು ಒಂದು ಮುಖದ ನಾಲ್ಕೈದು ಉಬ್ಬು ಮಾತ್ರ.

ಅಂಚು ಮಾತ್ರ ಬೇಕಿದ್ದರೆ

ಮುಖ ಆಗಲೇ ಸರಿಯಿರುವ ಹಲಗೆ ತರುವವರು ಜಾಯಿಂಟರ್ ಕೊಳ್ಳುವ ಮುಂಚೆ ಮನೆಯಲ್ಲಿರುವುದನ್ನು ಒಮ್ಮೆ ನೋಡಲಿ. ಟೇಬಲ್ ಸಾ ಇದ್ದರೆ ಪ್ಲೈವುಡ್ಡಿನ ನೇರ ಪಟ್ಟಿಯ ಮೇಲೆ ಹಲಗೆಯನ್ನು ಟಾಗಲ್ ಕ್ಲಾಂಪಿನಿಂದ ಬಿಗಿದು, ಡೊಂಕು ಅಂಚು ಹೊರಗೆ ಚಾಚಿರುವಂತೆ ಇಟ್ಟು ಸೀಳಿದರೆ ಅಂಚು ನೇರ. ಹರಿತವಾದ ಸೀಳುವ ಬ್ಲೇಡಿದ್ದರೆ ನೇರವಾಗಿ ಅಂಟು ಹಚ್ಚುವಷ್ಟು ನುಣುಪೂ ಬರುತ್ತದೆ. ಟ್ರ್ಯಾಕ್ ಸಾ, ಅಂದರೆ ಹಳಿಯ ಮೇಲೆ ಓಡುವ ಗರಗಸ, ಇರುವವರಿಗೆ ಇಷ್ಟೂ ಬೇಡ. ಹಳಿಯ ಉದ್ದ ಎಷ್ಟೋ ಅಷ್ಟು ಉದ್ದದ ಅಂಚು ಒಂದೇ ಎಳೆತಕ್ಕೆ ನೇರ. ಉದ್ದದ ಹಲಗೆಯಲ್ಲಿ ಸಣ್ಣ ಜಾಯಿಂಟರ್ ಸೋಲುವ ಕಡೆ ಇದು ಗೆಲ್ಲುತ್ತದೆ.

ರೌಟರ್ ಟೇಬಲ್ ಇದ್ದರೆ ಅದೇ ಪುಟ್ಟ ಜಾಯಿಂಟರ್. ಫೆನ್ಸಿನ ಹೊರಬರುವ ಕಡೆಯ ಅರ್ಧಕ್ಕೆ 1 ಮಿ.ಮೀ. ಲ್ಯಾಮಿನೇಟ್ ತುಂಡು ಅಂಟಿಸಿ, ಅದರ ಮಟ್ಟಕ್ಕೆ ನೇರ ಬಿಟ್ಟಿನ ಮೊನೆಯನ್ನು ಹೊಂದಿಸಿದರೆ ಪ್ರತಿ ಸಲ 1 ಮಿ.ಮೀ. ಕೀಸುತ್ತದೆ. ಬಿಟ್ಟು ಕಾರ್ಬೈಡಿನದಾದ್ದರಿಂದ ಜಾಯಿಂಟರ್‌ಗೆ ಕೊಡಬಾರದ ಪ್ಲೈವುಡ್ ಅಂಚನ್ನೂ ಇಲ್ಲಿ ಕೊಡಬಹುದು. ಫೆನ್ಸ್ ಗಿಡ್ಡವಾದ್ದರಿಂದ ಉದ್ದದ ಮಿತಿ ಮಾತ್ರ ಇಲ್ಲೂ ತಪ್ಪಿದ್ದಲ್ಲ. ಹಲಗೆಯ ದಪ್ಪ ಬಿಟ್ಟಿನ ಉದ್ದ ಮೀರುವಂತಿಲ್ಲ.

ಅರ್ಧ ಮೀಟರ್ ಅಗಲದ ದಿಮ್ಮಿ ಹಲಗೆಯನ್ನೇ ಮೇಜು ಮಾಡುವ ಆಸೆಯಿದ್ದರೆ ಹಳಿಗಳ ಮೇಲೆ ಓಡುವ ರೌಟರ್ ಸ್ಲೆಡ್ ಬಿಟ್ಟು ಬೇರೆ ಆಯ್ಕೆಯೇ ಇಲ್ಲ. ನಿಧಾನ, ಧೂಳೋ ಧೂಳು, ಕೊನೆಗೆ ಮರಳು ಕಾಗದದ ಕೆಲಸ ಬೇರೆ. ಆದರೂ ಆ ಅಗಲಕ್ಕೆ ಅದೇ.

82 ಮಿ.ಮೀ. ಅಗಲದ ಕೈ ಎಲೆಕ್ಟ್ರಿಕ್ ಪ್ಲೇನರನ್ನು ಮಗುಚಿ ಸ್ಟ್ಯಾಂಡಿಗೆ ಬಿಗಿದು ಜಾಯಿಂಟರ್ ಎಂದು ಬಳಸುವ ಪದ್ಧತಿಯೂ ಇದೆ. ಅದರ ತಳ ಒಂದು ಅಡಿಯಷ್ಟೂ ಇರುವುದು ಅಪರೂಪ. ಮೇಲಿನ ಉದ್ದದ ಲೆಕ್ಕ ಓದಿದವರಿಗೆ ಅದರ ಮಿತಿ ಹೇಳಬೇಕಾಗಿಲ್ಲ. ಒರಟು ಉಬ್ಬು ಬೇಗ ತೆಗೆಯಲು ಅದನ್ನು ಕೈಯಲ್ಲೇ ಹಿಡಿದು ಬಳಸುವುದು ಒಳ್ಳೆಯದು.

ಬಳಸಿದ ದೊಡ್ಡ ಯಂತ್ರ ಸಿಕ್ಕರೆ

ಜಾಗ ಇರುವವರಿಗೆ, ಹೊಸ ಸಣ್ಣ ಯಂತ್ರದ ಹಣಕ್ಕೇ ಬಳಸಿದ ಬೀಡುಕಬ್ಬಿಣದ ಜಾಯಿಂಟರ್ ಸಿಗುವ ಸಂದರ್ಭ ಬಂದರೆ ಎರಡು ಸಲ ಯೋಚಿಸಬೇಕು. ಟೇಬಲ್ ಉದ್ದ ಹೆಚ್ಚುಕಡಿಮೆ ಇಮ್ಮಡಿ, ಭಾರದಿಂದಾಗಿ ನಡುಕವಿಲ್ಲ, ಇಂಡಕ್ಷನ್ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ಕಿರುಚುವುದಿಲ್ಲ, ಫೆನ್ಸ್ ಗಟ್ಟಿ. ಮೇಲ್ಮೈ ತುಕ್ಕು ಕಂಡು ಹೆದರಬೇಡಿ, ಅದು ಹೋಗುತ್ತದೆ. ಹೆದರಬೇಕಾದ್ದು ಬೇರೆ. ಉರುಳೆಯ ಪಕ್ಕದ ಟೇಬಲ್ ತುಟಿಯಲ್ಲಿ ಬಿರುಕು ಅಥವಾ ಮುಕ್ಕು ಇದೆಯೇ ನೋಡಿ. ಎರಡೂ ಟೇಬಲ್ ಮೇಲೆ ಉದ್ದ ನೇರಪಟ್ಟಿ ಇಟ್ಟು ತುದಿಗಳು ಜೋತುಬಿದ್ದಿವೆಯೇ ನೋಡಿ. ಜೋತಿದ್ದರೆ ಅಂಚಿನ ನಡುವೆ ಹಳ್ಳ ಬೀಳುತ್ತದೆ, ತುದಿ ಎದ್ದಿದ್ದರೆ ನಡು ಉಬ್ಬುತ್ತದೆ. ಟೇಬಲ್ ಜಾರುವ ದಾರಿಯಲ್ಲಿ ತೆಳು ಲೋಹದ ಪಟ್ಟಿ ಇಟ್ಟು ಇದನ್ನು ಸರಿಪಡಿಸಬಹುದು, ಆದರೆ ತಾಳ್ಮೆ ಬೇಕು. ಮೋಟಾರು ಮೂರು ಫೇಸಿನದೋ ಎಂದು ಕೇಳಿ. ಹೌದಾದರೆ ಮನೆಯ ಒಂದು ಫೇಸಿನ ವಿದ್ಯುತ್ತಿನಲ್ಲಿ ಅದನ್ನು ಓಡಿಸುವ ವಿಎಫ್‌ಡಿ ಸಾಧನ ಅಥವಾ ಬೇರೆ ಮೋಟಾರಿನ ಖರ್ಚು ಸೇರಿಸಿ. ತೀರ ಹಳೆಯ ಯಂತ್ರಗಳಲ್ಲಿ ಉರುಳೆ ದುಂಡಗಿರದೆ ಚೌಕವಾಗಿರುವುದುಂಟು. ಚೌಕದ ಮೈ ಬೆರಳನ್ನು ಒಳಗೆ ಎಳೆದುಕೊಳ್ಳಲು ಜಾಗ ಬಿಡುತ್ತದೆ. ಅಂಥದ್ದು ಪುಕ್ಕಟೆ ಕೊಟ್ಟರೂ ಬೇಡ.

ಜಾಯಿಂಟರ್ ಮತ್ತು ಥಿಕ್‌ನೆಸ್ ಪ್ಲೇನರ್ ಎರಡೂ ಒಂದರಲ್ಲೇ ಇರುವ ಜೋಡಿ ಯಂತ್ರಗಳು ಅಗಲದಲ್ಲಿ ಉದಾರಿಗಳು, ಜಾಗವನ್ನೂ ಉಳಿಸುತ್ತವೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಟೇಬಲ್ ಎತ್ತಬೇಕು, ಹೊಟ್ಟಿನ ಕೊಳವೆ ತಿರುಗಿಸಬೇಕು. ಎಲ್ಲ ಹಲಗೆಗಳ ಮುಖವನ್ನು ಒಟ್ಟಿಗೆ ಮುಗಿಸಿ ಆಮೇಲೆ ದಪ್ಪಕ್ಕೆ ಹೋಗುವ ಶಿಸ್ತಿನವರಿಗೆ ಇದು ಒಗ್ಗುತ್ತದೆ. ಅಗ್ಗದ ಮಾದರಿಗಳ ಗಿಡ್ಡ ಟೇಬಲ್ ಬಗ್ಗೆ ಹೇಳಿದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ತುಂಡುಗಳು ಬಹುತೇಕ 900 ಮಿ.ಮೀ. ಒಳಗೆ, 150 ಮಿ.ಮೀ. ಒಳಗಿನ ಅಗಲದವು, ಥಿಕ್‌ನೆಸ್ ಪ್ಲೇನರ್ ಆಗಲೇ ಇದೆ, ಸದ್ದಿಗೆ ಯಾರ ತಕರಾರೂ ಇಲ್ಲ ಎಂದಾದರೆ ಸಣ್ಣ ಜಾಯಿಂಟರ್ ತನ್ನಿ. ಹತ್ತು ಹಲಗೆಗಳನ್ನು ಒಂದು ಸಂಜೆಯಲ್ಲಿ ಹದ ಮಾಡುವ ಅನುಕೂಲ ಬೇರೆ ಯಾವ ಅಗ್ಗದ ದಾರಿಯಲ್ಲೂ ಇಲ್ಲ. ಪ್ಲೇನರ್ ಇನ್ನೂ ಇಲ್ಲವೆಂದರೆ ಮೊದಲು ಅದು, ಜೊತೆಗೆ ಒಂದು 5ನೇ ನಂಬರಿನ ಉಜ್ಜುಗೊರಡು. ಜಾಯಿಂಟರ್ ಮುಂದಿನ ವರ್ಷದ ಮಾತು. ಹಣ ತೀರ ಕಡಿಮೆ, ಹೊತ್ತು ಧಾರಾಳ ಎನ್ನುವವರಿಗೆ 5 ಮತ್ತು 7ನೇ ನಂಬರಿನ ಜೋಡಿ. ಪ್ಲೈವುಡ್ ಮತ್ತು ಹದಮಾಡಿದ ಹಲಗೆಯಲ್ಲೇ ಕೆಲಸ ಮಾಡುವವರಿಗೆ ಟೇಬಲ್ ಸಾ ಸ್ಲೆಡ್ ಅಥವಾ ಟ್ರ್ಯಾಕ್ ಸಾ. ಅವರಿಗೆ ಜಾಯಿಂಟರ್ ಬೇಕೆನಿಸುವುದು ಆಸೆಯಿಂದ, ಅಗತ್ಯದಿಂದಲ್ಲ. ಮಂಚ, ಊಟದ ಮೇಜು ಮಾಡುವವರು ಸಣ್ಣದರ ಮೇಲೆ ಹಣ ಹಾಕದೆ ಬಳಸಿದ ದೊಡ್ಡದಕ್ಕೆ ಕಾಯಲಿ.

ಸಣ್ಣದನ್ನೇ ತಂದಿರಾದರೆ ಮರ ಮುಟ್ಟಿಸುವ ಮುಂಚೆ, ಪ್ಲಗ್ ಕಿತ್ತು, ಎರಡು ಪರೀಕ್ಷೆ ಮಾಡಿ. ಒಳಹೋಗುವ ಟೇಬಲನ್ನು ಹೊರಬರುವ ಟೇಬಲಿನ ಮಟ್ಟಕ್ಕೆ ಏರಿಸಿ, ಎರಡರ ಮೇಲೂ ಚಾಚುವ ನೇರಪಟ್ಟಿ ಇಟ್ಟು ಉದ್ದಕ್ಕೂ, ಮೂಲೆಯಿಂದ ಮೂಲೆಗೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. 0.1 ಮಿ.ಮೀ. ಸುಮಾರು ಸಂದಿಯಾದರೆ ಕೆಲಸ ನಡೆಯುತ್ತದೆ. ಆಮೇಲೆ ಮರದ ಸ್ಕೇಲನ್ನು ಹೊರಬರುವ ಟೇಬಲ್ ಮೇಲಿಟ್ಟು ಉರುಳೆಯ ಮೇಲೆ ಚಾಚಿ, ಉರುಳೆಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪ್ರತಿ ಬ್ಲೇಡೂ ಸ್ಕೇಲನ್ನು ಒಂದೇ ಸಮ, ಎರಡು ಮೂರು ಮಿ.ಮೀ. ಮುಂದಕ್ಕೆ ಎಳೆಯಬೇಕು. ಎಳೆಯದಿದ್ದರೆ ಬ್ಲೇಡು ತಗ್ಗಿದೆ, ಹಲಗೆ ಹೊರ ಟೇಬಲಿನ ತುಟಿಗೆ ಬಡಿದು ನಿಲ್ಲುತ್ತದೆ. ಹೆಚ್ಚು ಎಳೆದರೆ ಬ್ಲೇಡು ಎತ್ತರವಿದೆ, ಹಲಗೆಯ ಕೊನೆಯಲ್ಲಿ ಗುಳಿ ಬೀಳುತ್ತದೆ. ಬ್ಲೇಡಿನ ಎತ್ತರವನ್ನು ನೀವೇ ತಿದ್ದಿಕೊಳ್ಳಬಹುದು. ಬಜೆಟ್ ಯಂತ್ರಗಳಲ್ಲಿ ಹೊರಬರುವ ಟೇಬಲ್ ಸಾಮಾನ್ಯವಾಗಿ ಕದಲದಂತೆ ಕೂಡಿಸಿರುತ್ತಾರೆ, ಹಾಗಾಗಿ ಟೇಬಲ್‌ಗಳ ತಪ್ಪನ್ನು ತಿದ್ದಲು ದಾರಿ ಇರುವುದಿಲ್ಲ. ಅದು ಕಂಡುಬಂದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಪೆಟ್ಟಿಗೆಗೆ ತುಂಬಿ ಹಿಂದಕ್ಕೆ ಕಳಿಸಿ.